ನಮ್ಮ ಗಾಡಿಯನ್ನು ನಾವೇ ಹತ್ತದ ದಿನ

ನಮ್ಮ ಚಿಕ್ಕಮ್ಮ ಬೆಳಗಿನ ಆರೂ ನಲವತ್ತರ ಪ್ಯಾಸೆಂಜರ್ ಗಾಡಿಯಲ್ಲಿ ಇಪ್ಪತ್ತಾರು ವರ್ಷ ಓಡಾಡಿದಳು. ಪಕ್ಕದ ದೊಡ್ಡ ಊರಿನ ಆಸ್ಪತ್ರೆಯಲ್ಲಿ, ರೋಗಿಗಳ ಹಳೆಯ ಫೈಲುಗಳನ್ನು ಇಡುವ ಕೋಣೆಯಲ್ಲಿ ಅವಳಿಗೆ ಕೆಲಸ. ಕಿಟಕಿ ಇಲ್ಲದ ಕೋಣೆ. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟು, ಒಂದು ಏಣಿ, ಒಂದು ಟ್ಯೂಬ್‌ಲೈಟು. ಯಾರ ಅಪೆಂಡಿಕ್ಸನ್ನು ಯಾವ ವರ್ಷ ತೆಗೆದರು ಎನ್ನುವುದು ಡಾಕ್ಟರಿಗೆ ಮರೆತರೂ ಅವಳಿಗೆ ಮರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಎದುರಾದರೆ ಮುಖಕ್ಕಿಂತ ಮೊದಲು ಅವರ ಫೈಲಿನ ನಂಬರು ನೆನಪಾಗುತ್ತದೆ ಎಂದು ನಗುತ್ತಿದ್ದಳು.

ಚಿಕ್ಕಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಹೊಲಿಸಲು ಬಂದವರು ಮನೆಯವರು ಎಲ್ಲಿ ಎಂದು ಕೇಳಿದರೆ, ಅವಳು ಕೈ ಹಿಡಿದದ್ದು ಆರೂ ನಲವತ್ತರ ಗಾಡಿಯನ್ನು, ನಾನು ಬರೀ ಮನೆ ಕಾಯುವವನು ಎನ್ನುತ್ತಿದ್ದರು. ನಾನು ಅವಳ ಅಕ್ಕನ ಮಗ. ನಮ್ಮ ಮನೆಯಲ್ಲಿ ನಾವು ಐದು ಜನ ಮಕ್ಕಳು, ಒಂದು ಕಡಿಮೆಯಾದರೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ನಾನು ಚಿಕ್ಕಮ್ಮನ ಮನೆಯಲ್ಲೇ ಬೆಳೆದೆ. ಅವಳು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿದ್ದೆನಾದ್ದರಿಂದ ಚಿಕ್ಕಪ್ಪ ನನಗೆ ಸ್ಟೆಪ್ನಿ ಎಂದು ಹೆಸರಿಟ್ಟರು. ಊರು ಅದನ್ನೇ ಹಿಡಿದುಕೊಂಡಿತು. ಈಗ ನನಗೆ ನಲವತ್ತೇಳು ವರ್ಷ, ತಲೆ ಅರ್ಧ ಬೆಳ್ಳಗಾಗಿದೆ, ಆದರೂ ಸ್ಟೆಪ್ನಿಯೇ.

ಜಗಳ ಚಿಕ್ಕಮ್ಮನ ಸ್ವಭಾವದಲ್ಲಿ ಇರಲಿಲ್ಲ. ತರಕಾರಿಯವನು ತೂಕದಲ್ಲಿ ಹೊಡೆದರೂ ಸುಮ್ಮನೆ ಬರುವವಳು. ಅವಳನ್ನು ಎಬ್ಬಿಸಿದ್ದು ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರ್ಮು. ಅದನ್ನು ಪ್ಲಾಟ್‌ಫಾರ್ಮು ಎನ್ನುವುದೇ ದೊಡ್ಡ ಮಾತು. ನೆಲಕ್ಕೆ ಜಲ್ಲಿ ಹರಡಿದ್ದರು, ಅಷ್ಟೆ. ಗಾಡಿಯ ಕೊನೆಯ ಮೆಟ್ಟಿಲು ಆಳಿನ ಸೊಂಟದ ಎತ್ತರಕ್ಕೆ ಇರುತ್ತಿತ್ತು. ಹೆಂಗಸರು ಮೊದಲು ಬ್ಯಾಗು ಎಸೆದು, ಆಮೇಲೆ ತಾವು ಹಾರುತ್ತಿದ್ದರು. ಒಂದು ದಿನ ತುಂಬು ಬಸುರಿ ನರ್ಸೊಬ್ಬಳು ಹಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅವತ್ತು ಚಿಕ್ಕಮ್ಮ ಆಸ್ಪತ್ರೆಯ ಹಾಳಾದ ಫಾರಮ್ಮೊಂದರ ಹಿಂಬದಿಯಲ್ಲಿ ರೈಲ್ವೆಯವರಿಗೆ ಮೊದಲ ಕಾಗದ ಬರೆದಳು. ಉತ್ತರ ಇಲ್ಲ. ಇನ್ನೂ ಐದು ಬರೆದಳು. ಏಳನೆಯದರಲ್ಲಿ ದೂರು ಬಿಟ್ಟು ಬರೀ ಆಮಂತ್ರಣ ಕೊಟ್ಟಳು: ಸಾಹೇಬರು ದಯವಿಟ್ಟು ಒಮ್ಮೆ ಬಂದು ನಮ್ಮ ಸ್ಟೇಷನ್ನಿನಲ್ಲಿ ಇಳಿದು ಹೋಗಬೇಕು.

ಬಂದರು. ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಬಂದರು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಎರಡು ಕೈಯಲ್ಲೂ ಸರಳು ಹಿಡಿದು ನೇತಾಡುತ್ತಿದ್ದಾಗ ಚಿಕ್ಕಮ್ಮ ಕೆಳಗೆ ನಿಂತು ಬಹಳ ವಿನಯದಿಂದ, "ನಿಧಾನ ಸಾರ್, ನಮ್ಮೂರಲ್ಲಿ ಎಲ್ಲರೂ ಹೀಗೇ ಇಳಿಯೋದು" ಎಂದಳಂತೆ. ಎರಡು ವರ್ಷಕ್ಕೆ ಪ್ಲಾಟ್‌ಫಾರ್ಮು ಎದ್ದಿತು. ಪ್ರಯಾಣಿಕರ ಸಂಘ ಹುಟ್ಟಿದ್ದು ಹಾಗೆ. ಹಾರ್ಡ್‌ವೇರ್ ಅಂಗಡಿಯ ಯಜಮಾನರು ಅಧ್ಯಕ್ಷರು, ಚಿಕ್ಕಮ್ಮ ಕಾರ್ಯದರ್ಶಿ. ಅಧ್ಯಕ್ಷರು ಭಾಷಣ ಮಾಡುತ್ತಿದ್ದರು, ಉಳಿದದ್ದನ್ನೆಲ್ಲ ಇವಳು ಮಾಡುತ್ತಿದ್ದಳು.

ಸಂಘದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಮನವಿಗೆ ಸಹಿ ಹಾಕುವವರು ಪಕ್ಕದಲ್ಲಿ ತಮ್ಮ ಪಾಸಿನ ಇಲ್ಲವೇ ಟಿಕೆಟ್ಟಿನ ನಂಬರು ಬರೆಯಲೇಬೇಕು. ಪೇಟೆಯಲ್ಲಿ ಒಂದು ಮೇಜು ಹಾಕಿದರೆ ಸಂಜೆಯೊಳಗೆ ಐದು ಸಾವಿರ ಸಹಿ ಬೀಳುತ್ತದೆ ಎಂದು ಅಧ್ಯಕ್ಷರು ಹೇಳಿದಾಗ ಅವಳು ಒಪ್ಪಲಿಲ್ಲ. ಹತ್ತದವರು ಎಷ್ಟು ಸಹಿ ಹಾಕಿದರೂ ಗಾಡಿ ತುಂಬುವುದಿಲ್ಲ ಎಂದಳು. ಹಾಗಾಗಿ ಸಹಿ ಸಂಗ್ರಹವೆಲ್ಲ ಓಡುವ ಗಾಡಿಯಲ್ಲೇ. ಅಕ್ಷರಗಳೆಲ್ಲ ಕುಡಿದವರು ಬರೆದಂತೆ ಅಡ್ಡಾದಿಡ್ಡಿ. ಗಂಡನ ಸಹಿಯನ್ನೂ ಅವಳು ತೆಗೆದುಕೊಳ್ಳಲಿಲ್ಲ. ಪಾಪ ಚಿಕ್ಕಪ್ಪ, ಮುಂದಿನ ಸ್ಟೇಷನ್ನಿಗೆ ಟಿಕೆಟ್ ತೆಗೆದು ಹೋಗಿ, ಹಿಂದಕ್ಕೆ ನಡೆದುಕೊಂಡು ಬಂದು, ಟಿಕೆಟ್ ತೋರಿಸಿ ಸಹಿ ಹಾಕಿದರು.

ಆ ನಂಬರುಗಳ ಬಲದಿಂದ ಬಹಳ ಕೆಲಸ ಆಯಿತು. ನಲ್ಲಿ ಬಂತು. ದೀಪ ಬಂತು. ಸಂಜೆಯ ಗಾಡಿ ಹತ್ತು ನಿಮಿಷ ತಡವಾಗಿ ಹೊರಡುವಂತಾಯಿತು. ಆ ಹತ್ತು ನಿಮಿಷದಿಂದ ಆಸ್ಪತ್ರೆಯ ಹೆಂಗಸರು ಓಡುವುದು ತಪ್ಪಿ ನಡೆದುಕೊಂಡೇ ಬಂದು ಗಾಡಿ ಹತ್ತುವಂತಾಯಿತು. ನಾನು ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೇನೆ. ಹೆಮ್ಮೆ ಪಡುವುದಕ್ಕೆ ನನಗೆ ಹಕ್ಕಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಆಮೇಲೆ ಒಂದು ನೋಟಿಸು ಬಂತು. ಬೆಳಗಿನ ಪ್ಯಾಸೆಂಜರಿನಲ್ಲಿ ಜನ ಕಡಿಮೆ, ಅದನ್ನು ನಿಲ್ಲಿಸುವ ಆಲೋಚನೆ ಇದೆ, ಹೇಳುವುದಿದ್ದರೆ ಇಂಥ ದಿನ ಹತ್ತೂವರೆಗೆ ವಿಭಾಗದ ಕಚೇರಿಗೆ ಬನ್ನಿ. ಆ ಕಚೇರಿ ಇದ್ದದ್ದು ಅದೇ ಗಾಡಿ ಕೊನೆಗೆ ಮುಟ್ಟುವ ಊರಿನಲ್ಲಿ. ಆರೂ ನಲವತ್ತಕ್ಕೆ ಹತ್ತಿದರೆ ಒಂಬತ್ತೂವರೆಗೆ ಅಲ್ಲಿ. ಚಿಕ್ಕಮ್ಮ ಮೂರು ವಾರ ಗಾಡಿಯ ಎಲ್ಲಾ ಡಬ್ಬಿಗಳಲ್ಲೂ ಓಡಾಡಿ ಆರುನೂರಕ್ಕೂ ಹೆಚ್ಚು ಸಹಿ ತಂದಳು. ಒಂದೊಂದರ ಪಕ್ಕದಲ್ಲೂ ನಂಬರು.

ಆಗ ನಾನು ಹೊಸದಾಗಿ ಒಂದು ಹಳೆಯ ವ್ಯಾನು ಕೊಂಡಿದ್ದೆ. ಹದಿನಾಲ್ಕು ಸೀಟು. ನಾನೇ ಕೂತು ಹೊಸ ಕುಶನ್ ಹಾಕಿಸಿದ್ದೆ. ಬಾಡಿಗೆ ಮಾತ್ರ ಬರುತ್ತಿರಲಿಲ್ಲ, ವ್ಯಾನು ಚಿಕ್ಕಪ್ಪನ ಅಂಗಡಿಯ ಮುಂದೆ ನಿಂತು ಬಿಸಿಲು ಕಾಯುತ್ತಿತ್ತು. ವಿಚಾರಣೆಗೆ ಹೋಗುವವರು ಹದಿಮೂರು ಜನ ಎಂದು ಗೊತ್ತಾದಾಗ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಈ ಹದಿಮೂರು ಜನ ದಿನಾ ಓಡಾಡುವವರು, ಊರಿಗೆಲ್ಲ ಬೇಕಾದವರು. ಇವರು ಒಮ್ಮೆ ನನ್ನ ಕುಶನ್ನಿನ ರುಚಿ ನೋಡಿದರೆ ಸಾಕು, ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ಹಿಂದಿನ ದಿನ ಸಂಜೆ ಚಿಕ್ಕಮ್ಮನ ಹತ್ತಿರ ಹೋಗಿ, ಮುಂದೆ ಎಲ್ಲೋ ಹಳಿ ರಿಪೇರಿಯಂತೆ, ನಾಳೆ ಗಾಡಿ ಎರಡು ಗಂಟೆ ಲೇಟಂತೆ, ಸ್ಟೇಷನ್ ಮಾಸ್ಟರೇ ಹೇಳಿದರು ಎಂದೆ. ನಾನು ಸ್ಟೇಷನ್ ಕಡೆಗೆ ಹೋಗಿಯೇ ಇರಲಿಲ್ಲ. ವ್ಯಾನು ತರುತ್ತೇನೆ, ಬಾಡಿಗೆ ಬೇಡ ಎಂದೂ ಸೇರಿಸಿದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಸರಿ, ಎಲ್ಲರಿಗೂ ಹೇಳಿ ಕಳಿಸುತ್ತೇನೆ ಎಂದಳು.

ಬೆಳಿಗ್ಗೆ ಊರು ದಾಟಿ ಎರಡು ಮೈಲಿ ಹೋಗಿರಬೇಕು, ರೈಲ್ವೆ ಗೇಟು ಬಿತ್ತು. ನಾನು ಬ್ರೇಕು ಹಾಕಿದೆ. ಎರಡು ನಿಮಿಷಕ್ಕೆ ನಮ್ಮದೇ ಗಾಡಿ, ಸರಿಯಾದ ಹೊತ್ತಿಗೆ, ಒಂದು ನಿಮಿಷವೂ ಆಚೀಚೆ ಇಲ್ಲದೆ ಕಣ್ಣ ಮುಂದೆ ಹೋಯಿತು. ನಾಲ್ಕು ಡಬ್ಬಿ. ಕಿಟಕಿಯಲ್ಲಿ ಕೂತಿದ್ದ ಆಸ್ಪತ್ರೆಯ ಆಯಾ ನಮ್ಮನ್ನೆಲ್ಲ ಒಂದೇ ವ್ಯಾನಿನಲ್ಲಿ ಕಂಡು, ಆಶ್ಚರ್ಯದಿಂದ ಕೈ ಬೀಸಿದಳು. ವ್ಯಾನಿನೊಳಗೆ ಯಾರೂ ಕೈ ಎತ್ತಲಿಲ್ಲ. ರಿಪೇರಿ ಬೇಗ ಮುಗಿದಿರಬೇಕು ಎಂದು ಅಧ್ಯಕ್ಷರು ನಕ್ಕರು. ಇರಬೇಕು ಎಂದೆ. ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಕೂತಿದ್ದ ಚಿಕ್ಕಮ್ಮ ಕೊನೆಯ ಡಬ್ಬಿ ದಾಟುವವರೆಗೂ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು.

ಕಚೇರಿಯಲ್ಲಿ ಉದ್ದನೆಯ ಮೇಜು, ಎರಡೂ ಬದಿಗೆ ಕುರ್ಚಿ. ಹದಿನಾಲ್ಕನೆಯವನಾಗಿ ನಾನೂ ಒಳಗೆ ಹೋಗಿ ಕೂತೆ. ಅಧಿಕಾರಿ ವಯಸ್ಸಾದವರು, ಮೆತ್ತಗೆ ಮಾತಾಡುವವರು. ನಮ್ಮ ಮನವಿಯ ಕಟ್ಟನ್ನು ತಿರುವಿ ಹಾಕಿ, ಇಷ್ಟು ವರ್ಷ ಮನವಿ ನೋಡಿದ್ದೇನೆ, ಪ್ರತಿ ಸಹಿಗೂ ಪಾಸ್ ನಂಬರು ಇರುವುದನ್ನು ಇದೇ ಮೊದಲು ನೋಡುತ್ತಿರುವುದು ಎಂದು ಹೊಗಳಿದರು. ಚಿಕ್ಕಮ್ಮನ ಮುಖ ಅರಳಲಿಲ್ಲ, ಅದನ್ನು ನಾನು ಗಮನಿಸಿದೆ. ಆಮೇಲೆ ಅವರು ಒಂದು ಹಾಳೆಗೆ ಗೆರೆ ಎಳೆದು ನಮ್ಮ ಕಡೆ ಸರಿಸಿದರು. ಬಂದವರ ಹಾಜರಿ ಬೇಕು. ನಿಮ್ಮ ಸಂಘದ ಪದ್ಧತಿಯಂತೆಯೇ ಆಗಲಿ, ಹೆಸರು, ಸಹಿ, ಪಕ್ಕದಲ್ಲಿ ಇವತ್ತಿನ ಟಿಕೆಟ್ ನಂಬರು ಎಂದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ನಮ್ಮ ಪದ್ಧತಿಗೆ ಮರ್ಯಾದೆ ಕೊಡುತ್ತಿದ್ದರು.

ಹಾಳೆ ಮೊದಲು ಅಧ್ಯಕ್ಷರ ಮುಂದೆ ಬಂತು. ಅವರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಆಮೇಲೆ, ಟಿಕೆಟನ್ನು ಸ್ಟೇಷನ್ನಿನಿಂದ ಹೊರಗೆ ಬರುವಾಗ ಗೇಟಿನಲ್ಲೇ ಕೊಟ್ಟುಬಿಟ್ಟೆವು ಸಾರ್ ಎಂದರು. ಅಧಿಕಾರಿ ತಲೆ ಆಡಿಸಿ, ಪರವಾಗಿಲ್ಲ, ರೈಲಿನಲ್ಲಿ ಬಂದೆವು ಎಂದಷ್ಟೇ ಬರೆಯಿರಿ ಎಂದರು. ಹಾಳೆ ಚಿಕ್ಕಮ್ಮನ ಕೈಗೆ ಹೋಯಿತು. ಅವಳು ಅದನ್ನು ಮುಂದೆ ದಾಟಿಸಲೂ ಇಲ್ಲ, ಬರೆಯಲೂ ಇಲ್ಲ.

"ನಾವು ರೈಲಲ್ಲಿ ಬರಲಿಲ್ಲ ಸಾರ್, ವ್ಯಾನಲ್ಲಿ ಬಂದ್ವಿ. ತೀರ್ಮಾನ ನನ್ನದು" ಎಂದಳು.

ನೆಲ ಬಾಯಿ ಬಿಟ್ಟರೆ ಹೊಕ್ಕುಬಿಡೋಣ ಅನ್ನಿಸಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಬಂದದ್ದಕ್ಕೆ ಎಲ್ಲರಿಗೂ ಧನ್ಯವಾದ ಹೇಳಿ ಕಾಫಿ ಕೊಡಿಸಿದರು. ಎರಡು ತಿಂಗಳಿಗೆ ಗಾಡಿ ನಿಂತಿತು.

ಊರು ಚಿಕ್ಕಮ್ಮನನ್ನು ಹರಿದು ತಿಂದಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದವರು ಕೆಲವರು. ಬಾಯಿ ಮುಚ್ಚಿಕೊಂಡಿದ್ದರೆ ಗಾಡಿ ಉಳಿಯುತ್ತಿತ್ತು ಎಂದವರು ಇನ್ನು ಕೆಲವರು, ಅದರಲ್ಲಿ ಮೊದಲಿಗರು ಅಧ್ಯಕ್ಷರು. ಅವಳಿಗೆ ವ್ಯಾನಮ್ಮ ಎಂದು ಹೆಸರು ಬಿತ್ತು. ವ್ಯಾನು ತಂದವನು ಯಾರು, ಲೇಟು ಎಂದು ಹೇಳಿದವನು ಯಾರು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವಳು ಸಂಘದ ನಡಾವಳಿ ಪುಸ್ತಕದಲ್ಲಿ ವ್ಯಾನಿನಲ್ಲಿ ಹೋಗುವ ತೀರ್ಮಾನ ಕಾರ್ಯದರ್ಶಿಯದು ಎಂದು ಬರೆದು ಸಹಿ ಹಾಕಿಬಿಟ್ಟಿದ್ದಳು. ನಾನು ಅದನ್ನು ಓದಿದೆ. ಓದಿ ಪುಸ್ತಕ ಮುಚ್ಚಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ಅಷ್ಟು ಹುಷಾರಿ.

ಇನ್ನೂ ನಾಚಿಕೆಯ ಮಾತು ಹೇಳುತ್ತೇನೆ. ಗಾಡಿ ನಿಂತ ಮರುದಿನದಿಂದ ನನ್ನ ವ್ಯಾನು ತುಂಬಿತು. ಆರೂ ನಲವತ್ತಕ್ಕೆ ಸ್ಟೇಷನ್ ಮುಂದೆಯೇ ನಿಲ್ಲಿಸುತ್ತಿದ್ದೆ. ವರ್ಷ ತುಂಬುವುದರೊಳಗೆ ಎರಡನೆಯ ವ್ಯಾನು ಬಂತು. ಆ ಆಯಾ ಒಂದು ದಿನ ಬಂದು, ರೈಲಿನಲ್ಲಿ ಇದ್ದಂತೆ ತಿಂಗಳ ಪಾಸು ಮಾಡಿಕೊಡಿ, ದಿನದ ದುಡ್ಡು ನನಗೆ ಹೊಂದುವುದಿಲ್ಲ ಎಂದು ಕೇಳಿದಳು. ನಾನು ಡೀಸೆಲ್ ರೇಟು ಹೇಳಿ ಸಾಗಹಾಕಿದೆ. ಅವಳು ಹದಿನೈದು ವರ್ಷದ ಕೆಲಸ ಬಿಟ್ಟು ಊರಲ್ಲೇ ನಾಲ್ಕು ಮನೆಯ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಈಗಲೂ ಎದುರಾದರೆ ನಗುತ್ತಾಳೆ. ಅವಳ ನಗು ಕಂಡರೆ ನಾನು ಬೀದಿ ಬದಲಿಸುತ್ತೇನೆ.

ಚಿಕ್ಕಮ್ಮ ಕೆಲಸದಿಂದ ನಿವೃತ್ತಳಾಗುವವರೆಗೂ ನನ್ನ ವ್ಯಾನಿನಲ್ಲೇ ಓಡಾಡಿದಳು. ಮುಂದಿನ ಸೀಟು ಅವಳಿಗೆಂದು ಇಟ್ಟಿದ್ದೆ. ಒಂದು ದಿನವೂ ಅಲ್ಲಿ ಕೂರಲಿಲ್ಲ. ಹಿಂದೆ ಚಕ್ರದ ಮೇಲಿನ ಸೀಟಿನಲ್ಲಿ, ಎಲ್ಲಕ್ಕಿಂತ ಹೆಚ್ಚು ಎತ್ತಿಹಾಕುವ ಜಾಗದಲ್ಲಿ ಕೂರುತ್ತಿದ್ದಳು. ನನ್ನನ್ನು ಶಿಕ್ಷಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಪ್ರತಿ ವರ್ಷ ಒಬ್ಬಳೇ ಕೂತು ರೈಲ್ವೆಗೆ ಕಾಗದ ಬರೆಯುತ್ತಿದ್ದಳು. ಸಹಿಯ ಪಕ್ಕದಲ್ಲಿ, ಟಿಕೆಟ್ ಸಂಖ್ಯೆ ಇಲ್ಲ ಎಂದು ಅವಳೇ ಬರೆದುಕೊಳ್ಳುತ್ತಿದ್ದಳು.

ಒಂಬತ್ತು ವರ್ಷ ಹೀಗೇ ಹೋಯಿತು. ಆಮೇಲೆ ಹೈಸ್ಕೂಲಿಗೆ ಬಂದ ಹೊಸ ಗಣಿತದ ಮೇಡಂ ಚಿಕ್ಕಮ್ಮನ ಹಳೆಯ ಕಾಗದಗಳನ್ನು ನೋಡಿ, ಸತ್ತಂತಿದ್ದ ಸಂಘವನ್ನು ಮತ್ತೆ ಎಬ್ಬಿಸಿದರು. ಅವರ ಕಾಟ ತಾಳಲಾರದೆ ರೈಲ್ವೆಯವರು ಇನ್ನೊಂದು ವಿಚಾರಣೆಗೆ ಒಪ್ಪಿದರು. ಈ ಸಲ ನಮ್ಮೂರಿನಲ್ಲೇ, ವಾಚನಾಲಯದ ಸಭಾಂಗಣದಲ್ಲಿ. ಹಿಂದಿನ ಸಲ ಊರಿನವರೇ ಗಾಡಿ ಹತ್ತಲಿಲ್ಲ ಎಂಬ ಮಾತು ಕಡತದಲ್ಲಿ ಉಳಿದಿತ್ತು. ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಿತ್ತು.

ಹಿಂದಿನ ದಿನ ಮಧ್ಯಾಹ್ನ ನಾನು ಚಿಕ್ಕಮ್ಮನ ಮನೆಗೆ ಹೋದೆ. ಅವಳು ಅಡುಗೆಮನೆಯ ನೆಲದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ನಾನೂ ಎದುರಿಗೆ ಕೂತು ಎರಡು ಬೀನ್ಸು ಮುರಿದೆ. ಆಮೇಲೆ, ತಲೆ ಎತ್ತದೆ, "ಚಿಕ್ಕಮ್ಮ, ಅವತ್ತು ಗಾಡಿ ಲೇಟ್ ಇರಲಿಲ್ಲ. ನಾನು ಸ್ಟೇಷನ್ನಿಗೆ ಹೋಗೇ ಇರಲಿಲ್ಲ" ಎಂದೆ.

"ಗೊತ್ತು" ಎಂದಳು.

ಗೇಟಿನ ಹತ್ತಿರ ಗೊತ್ತಾಯಿತಾ ಎಂದು ಕೇಳಿದೆ.

"ಹಿಂದಿನ ಸಂಜೇನೇ ಗೊತ್ತಾಯ್ತು. ನೀನು ಆ ಕಡೆ ಹೋದೆ, ನಾನು ಸ್ಟೇಷನ್ನಿಗೆ ಫೋನ್ ಮಾಡಿದೆ. ರೈಟ್ ಟೈಮ್ ಅಮ್ಮ, ಯಾರು ಲೇಟ್ ಅಂದಿದ್ದು ಅಂತ ಅವರೇ ನನ್ನ ಕೇಳಿದ್ರು."

ನನ್ನ ಕೈಯಲ್ಲಿದ್ದ ಬೀನ್ಸು ಹಾಗೇ ಉಳಿಯಿತು. ಮತ್ತೆ ನೀನು ವ್ಯಾನು ಯಾಕೆ ಹತ್ತಿದೆ ಎಂದು ಕೇಳಿದೆ.

ಅವಳು ಹೇಳಿದ್ದನ್ನು ನಾನು ಒಂದು ಅಕ್ಷರವೂ ಮರೆತಿಲ್ಲ. "ಸಾಕಾಗಿತ್ತು ಕಣೋ. ಇಪ್ಪತ್ತಾರು ವರ್ಷ ಆ ಹಲಗೆ ಮೇಲೆ ಕೂತು ಬೆನ್ನು ಹೋಗಿತ್ತು. ದೊಡ್ಡ ಆಫೀಸಿಗೆ ಹೋಗೋದು, ಸೀರೆ ಮುದುಡದೆ, ತಲೆ ಕೆದರದೆ, ಒಂದು ದಿನ ಬಾಗಿಲ ಮುಂದೆ ಇಳೀಬೇಕು ಅನ್ನಿಸ್ತು. ನಿನ್ನ ಸುಳ್ಳು ನನಗೆ ಅನುಕೂಲ ಆಯ್ತು, ತಗೊಂಡೆ. ಹತ್ತದವರ ಸಹಿ ಬೇಡ ಅಂತ ಊರಿಗೆಲ್ಲ ಹೇಳಿದೋಳು ನಾನೇ."

ಅವಳು ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಷ್ಟೇ ಆಗಿದ್ರೆ ಆಗ್ತಿತ್ತು. ಈ ಒಂಬತ್ತು ವರ್ಷ ನಿನ್ನ ಮುಖ ನೋಡ್ತಾ ಬಂದಿದೀನಿ. ಗೊತ್ತಿತ್ತು ಅಂತ ಒಂದು ಮಾತು ಹೇಳಿದ್ರೆ ನೀನು ಹಗುರ ಆಗ್ತಿದ್ದೆ. ಹೇಳಲಿಲ್ಲ. ತಪ್ಪು ಮಾಡಿದೋನು ಇನ್ನೊಬ್ಬ ಇದಾನೆ ಅಂದ್ರೆ ಮನಸ್ಸಿಗೆ ಒಂಥರಾ ಜೊತೆ. ಅದು ನನಗೆ ಬಹಳ ನಾಚಿಕೆ."

ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಂತೋಷ. ಹಾಗಾದರೆ ತಪ್ಪು ನನ್ನದಲ್ಲ, ಇವಳದೇ ಎಂದು ಮನಸ್ಸು ತಕ್ಷಣ ತಕ್ಕಡಿ ಹಿಡಿಯಿತು. ಅಷ್ಟು ಹೊತ್ತು ಅವಳು ಬಿಚ್ಚಿಟ್ಟದ್ದರಲ್ಲಿ ನಾನು ಆರಿಸಿಕೊಂಡದ್ದು ಅದೊಂದೇ. ಅವಳಿಗೆ ಅದು ಕಂಡಿತೋ ಏನೋ. ನಾಳೆ ಸಭೆಯಲ್ಲಿ ನನ್ನ ಪಾಲನ್ನು ನಾನು ಹೇಳುತ್ತೇನೆ, ನಿನ್ನ ಹೆಸರು ಎತ್ತುವುದಿಲ್ಲ, ನಿನ್ನದು ನಿನಗೆ ಬಿಟ್ಟದ್ದು ಎಂದು ಎದ್ದು ಒಲೆ ಹಚ್ಚಿದಳು.

ಮರುದಿನ ವಾಚನಾಲಯ ಕಿಕ್ಕಿರಿದಿತ್ತು. ನಾನು ನಡುವಿನ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಚಿಕ್ಕಪ್ಪ. ಬಂದಿದ್ದ ಅಧಿಕಾರಿ ಹೆಂಗಸು, ಚಿಕ್ಕ ವಯಸ್ಸು. ಕಡತ ನೋಡಿ, ಹಿಂದಿನ ಸಲ ನೀವೇ ಯಾಕೆ ಗಾಡಿಯಲ್ಲಿ ಬರಲಿಲ್ಲ ಎಂದು ಅವರು ಕೇಳಿದಾಗ ಗಣಿತದ ಮೇಡಂ ಏನೋ ಸಮಜಾಯಿಷಿ ಹೇಳಲು ಹೊರಟರು. ಚಿಕ್ಕಮ್ಮ ಅವರ ಭುಜ ಮುಟ್ಟಿ ಕೂರಿಸಿ, ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು. ಅವತ್ತು ಗಾಡಿ ಸರಿಯಾದ ಹೊತ್ತಿಗೆ ಇತ್ತು, ಅದು ನನಗೆ ಹಿಂದಿನ ದಿನವೇ ಗೊತ್ತಿತ್ತು, ಕುಶನ್ನಿನ ಆಸೆಗೆ ವ್ಯಾನು ಹತ್ತಿದೆ, ಉಳಿದ ಹನ್ನೆರಡು ಜನಕ್ಕೆ ಗೊತ್ತಿರಲಿಲ್ಲ, ಅವರನ್ನು ನಂಬಿಸಿದವಳು ನಾನು ಎಂದು ಒಂದೊಂದೇ ಮಾತು ಜೋಡಿಸಿ ಹೇಳಿದಳು. ನನ್ನ ತಪ್ಪಿಗೆ ಊರಿನ ಹೆಂಗಸರು ಒಂಬತ್ತು ವರ್ಷ ಕೆಲಸ ಕಳೆದುಕೊಂಡು ಕೂತರು, ನನ್ನನ್ನು ಬಿಟ್ಟು ಅವರನ್ನು ನೋಡಿ, ಮೂರು ತಿಂಗಳು ಗಾಡಿ ಓಡಿಸಿ, ತಲೆ ಎಣಿಸಿ, ಆಮೇಲೆ ತೀರ್ಮಾನ ಮಾಡಿ ಎಂದು ಕೈ ಮುಗಿದಳು.

ಅಧಿಕಾರಿ ಬರೆದುಕೊಂಡರು. ಆ ದಿನದ ಬಗ್ಗೆ ಇನ್ನು ಯಾರಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೇಳಿ, ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಚಿಕ್ಕಮ್ಮ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಏಳುತ್ತಿದ್ದೆನೇನೋ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ. ನನ್ನ ಎರಡು ಕೈಯೂ ಮೊಣಕಾಲ ಮೇಲೆ ಇದ್ದವು. ಹೊರಗೆ ನನ್ನ ಎರಡೂ ವ್ಯಾನುಗಳು ನಿಂತಿದ್ದವು. ನಾನು ಏಳಲಿಲ್ಲ.

ಗಾಡಿ ಬಂತು. ಮೂರು ತಿಂಗಳ ಪರೀಕ್ಷೆ ಮುಗಿದು ಈಗ ವರ್ಷವಾಗುತ್ತಾ ಬಂದಿದೆ, ನಿಂತಿಲ್ಲ. ಊರಿನಲ್ಲಿ ಯಾರೂ ಅವಳನ್ನು ವ್ಯಾನಮ್ಮ ಎನ್ನುವುದಿಲ್ಲ. ನನ್ನ ಒಂದು ವ್ಯಾನು ಮಾರಿದ್ದಾಯಿತು.

ಮೊನ್ನೆ ಗಣಿತದ ಮೇಡಂ ಚಿಕ್ಕಮ್ಮನ ಮನೆಗೆ ಬಂದಿದ್ದರು. ಸಂಘದ ಇತಿಹಾಸ ಅಚ್ಚು ಹಾಕಿಸುತ್ತಾರಂತೆ, ಅದರಲ್ಲಿ ಚಿಕ್ಕಮ್ಮನ ಬದುಕಿನ ಬಗ್ಗೆ ನಾಲ್ಕು ಪುಟ ಬೇಕಂತೆ, ಬರೆಯಲು ಕಾಲೇಜಿನ ಮೇಷ್ಟ್ರೊಬ್ಬರನ್ನು ಗೊತ್ತು ಮಾಡಿದ್ದರಂತೆ. ನಾನು ಅಲ್ಲೇ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಚಿಕ್ಕಮ್ಮ ಮೇಷ್ಟ್ರು ಬೇಡ ಎಂದಳು.

"ಇವನು ಬರೀತಾನೆ. ಇವನು ಹೇಳೋದು ಸ್ವಲ್ಪ ಬಾಕಿ ಇದೆ."